ಅಕ್ಕನ ದನಿ ಹೋದಾಗ

ಜೋಳದ ಹೊಲದಲ್ಲಿ ಹಕ್ಕಿ ಓಡಿಸುವುದು ನಾನು ಚಿಕ್ಕವನಿದ್ದಾಗ ಮಕ್ಕಳ ಕೆಲಸವಾಗಿತ್ತು. ಅಡರಕಟ್ಟಿಯ ನಮ್ಮ ಹೊಲದ ನಡುವೆ ಅಪ್ಪ ಎತ್ತರದ ಅಟ್ಟಣಿಗೆ ಕಟ್ಟಿದ್ದ. ಹಾಲುದುಂಬಿದ ತೆನೆಗೆ ಗಿಳಿ, ಗುಬ್ಬಿ ಎರಗಿದರೆ ಅಕ್ಕ ಮತ್ತು ನಾನು ಸರದಿಯಂತೆ ಅದನ್ನೇರಿ ಕೂಗಬೇಕು. ಆ ವರ್ಷ ಹಳ್ಳದ ದಂಡೆಯ ಬಾರಿಗಿಡ ಮೈತುಂಬ ಹಣ್ಣು ಬಿಟ್ಟಿತ್ತು. ಮೂರು ದಿನ ನಾನು ಅಲ್ಲಿಗೇ ಓಡಿಹೋದೆ. ನನ್ನ ಸರದಿಯನ್ನೂ ಅಕ್ಕನೇ ಕೂಗಿದಳು.

ನಾಲ್ಕನೆಯ ಬೆಳಿಗ್ಗೆ ಅವಳು ಬಾಯಿ ತೆರೆದರೆ ಒಣ ಎಲೆ ಉಜ್ಜಿದಂಥ ಸದ್ದು ಬಂತು. ಇನ್ನು ಹತ್ತು ದಿನಕ್ಕೆ ಅವಳು ಗದಗಿನಲ್ಲಿ ಮೊದಲ ಸಲ ಜನರೆದುರು ಹಾಡುವವಳಿದ್ದಳು. ಅಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ಲಕ್ಷ್ಮೇಶ್ವರದ ಬಸ್ಸು ಹತ್ತಿದ.

ಅಕ್ಕನಿಗೆ ಹಾಡು ಕಲಿಸುತ್ತಿದ್ದ ಅಜ್ಜಿಯೊಬ್ಬರ ಮನೆ ಅಲ್ಲಿತ್ತು. ಹರೆಯದಲ್ಲಿ ನಾಟಕ ಕಂಪನಿಯಲ್ಲಿ ಹಾಡಿದವರು ಅವರು. ಮನೆ ತುಂಬ ಎಲೆಅಡಿಕೆಯ ವಾಸನೆ. ಅಜ್ಜಿ ಅಕ್ಕನ ಗದ್ದ ಎತ್ತಿ ಕೇಳಿದರು, "ಎಷ್ಟು ದಿನ ಒದರಿದಿ?"

ಅಕ್ಕ ಮೂರು ಬೆರಳು ತೋರಿಸಿದಳು.

"ಒಬ್ಬಾಕೀನ?"

ಅಕ್ಕ ತಲೆ ತಗ್ಗಿಸಿದಳು. "ನಾ ಹಣ್ಣು ತಿನ್ನಾಕ ಹೋಗಿದ್ನಿರಿ," ಎಂದೆ. ಅಪ್ಪ ನನ್ನನ್ನು ಒಮ್ಮೆ ನೋಡಿ ಮುಖ ತಿರುಗಿಸಿದ. ಎರಡು ಬಡಿದಿದ್ದರೆ ಹಗುರಾಗುತ್ತಿತ್ತು.

"ಮೂರು ದಿನ ಮಾತು ಬ್ಯಾಡ. ಪಿಸುಗುಡೂದೂ ಬ್ಯಾಡ, ಅದ್ರಿಂದ ಗಂಟಲಕ್ಕ ಇನ್ನೂ ತ್ರಾಸ," ಅಂದರು ಅಜ್ಜಿ. "ಆಮ್ಯಾಲೆ ದಿನಾ ಮುಂಜಾನೆ ಬಾಯಿ ಮುಚ್ಚಿ, ಕೆಳಗಿನ ಸಾ ಹಿಡದು ಮೆಲ್ಲಕ ಗುಂಯ್ ಅನ್ನು."

ನನಗೆ ತಡೆಯಲಾಗಲಿಲ್ಲ. "ಬಾಯಿ ಮುಚ್ಚಿದ್ರ ಹಾಡು ಹೆಂಗ ಬರತೈತ್ರಿ?"

ಅಜ್ಜಿ ನನ್ನ ಅಂಗೈಯನ್ನು ತಮ್ಮ ಎದೆಯ ಮೇಲಿಟ್ಟುಕೊಂಡು ಸ್ವರ ಹಿಡಿದರು. ಸದ್ದು ಬಾಗಿಲು ದಾಟುವಷ್ಟೂ ಇರಲಿಲ್ಲ, ಆದರೆ ನನ್ನ ಕೈ ಮೊಣಕೈವರೆಗೆ ಜುಮ್ಮೆಂದಿತು.

"ನಾಟಕದಾಗ ಹಿಂದ ಕುಂತವ್ರಿಗೆ ಕೇಳ್ಲಿ ಅಂತ ಚೀರಿದವ್ರ ದನಿ ಜಲ್ದಿ ಒಡೀತು. ನಾ ಹಿಂಗ ದಿನಾ ಪಳಗಿಸಿದೆ. ಎಳೆ ಹೋರಿಗೆ ಒಮ್ಮಿಗೇ ಬಂಡಿ ಕಟ್ಟತೀವೇನು?"

ಅಂದಿನಿಂದ ಹಕ್ಕಿ ಓಡಿಸುವುದು ನನ್ನೊಬ್ಬನ ಪಾಲಿಗೆ ಬಂತು. ನಾನು ಕೂಗಲಿಲ್ಲ, ಹಳೆಯ ಡಬ್ಬಿ ಬಡಿದೆ. ಅಕ್ಕ ಮೂರು ದಿನ ಕೈಸನ್ನೆಯಲ್ಲೇ ಕಳೆದಳು. ಆಮೇಲೆ ನಸುಕಿನಲ್ಲಿ ಒಲೆಯ ಪಕ್ಕ ಕುಳಿತು ಗುಂಯ್‌ಗುಡತೊಡಗಿದಳು. ಮೊದಮೊದಲು ಸ್ವರ ನಡುನಡುವೆ ತುಂಡಾಗುತ್ತಿತ್ತು. ನಾನು ದಿನವೂ ಅವಳ ಬೆನ್ನಿಗೆ ಕೈಯಿಟ್ಟು ನೋಡುತ್ತಿದ್ದೆ. ಒಂದು ಮುಂಜಾನೆ ಅಂಗೈ ಜುಮ್ಮೆಂದಿತು.

ಗದಗಿನಲ್ಲಿ ಅವಳು ಎಂದಿಗಿಂತ ಕೆಳಗಿನ ಶ್ರುತಿಯಲ್ಲಿ ಹಾಡಿದಳು. ಒಂದು ಕಡೆ ದನಿ ತೊಡಕಿತು. ಅವಳು ಒತ್ತಲಿಲ್ಲ, ಒಂದು ಉಸಿರು ತಡೆದು ಮತ್ತೆ ಎತ್ತಿಕೊಂಡಳು. ಮುಗಿದ ಮೇಲೆ ಅಪ್ಪ ಹೇಳಿದ್ದಿಷ್ಟೇ: "ಹಿಂದ ಕಡೀ ಗ್ವಾಡಿಗೆ ಕುಂತಿದ್ದೆ. ಎಲ್ಲಾ ಕೇಳಿಸ್ತು."

ಮೊನ್ನೆ ಶಾಲೆಯ ಆಟದಲ್ಲಿ ಕಿರುಚಿ ನನ್ನ ಮೊಮ್ಮಗಳ ದನಿಯೂ ಕೂತಿತು. ಡಾಕ್ಟರು ಸಣ್ಣ ಕ್ಯಾಮೆರಾ ಇಳಿಸಿ ಗಂಟಲೊಳಗನ್ನೇ ಪರದೆಯ ಮೇಲೆ ತೋರಿಸಿದರು. ದನಿ ಹೊರಡಿಸುವ ಎರಡು ಬಿಳಿಯ ಎಳೆಗಳು ತೆರೆಯುತ್ತ, ಕೂಡುತ್ತ ಇದ್ದವು. ಅಕ್ಕ ಜೀವನವಿಡೀ ಹಾಡಿದರೂ ಅವನ್ನು ಒಮ್ಮೆಯೂ ಕಂಡವಳಲ್ಲ. ಮರಳುವಾಗ ಜೊತೆಗೆ ಬಂದಿದ್ದ ಅವಳ ತಮ್ಮ ಕೇಳಿದ, "ಅಜ್ಜಾ, ಮಳ್ಯಾಗ ಒದರೋ ಕಪ್ಪಿಗೂ ಇಂಥಾವು ಇರತಾವೇನು?" ಅವನೇ ಫೋನಿನಲ್ಲಿ ಹುಡುಕಿದ. ಇರುತ್ತವಂತೆ. ಇಷ್ಟು ವರ್ಷ ಮಳೆಗಾಲವೆಲ್ಲ ಕಪ್ಪೆಗಳ ವಟವಟ ಕೇಳಿದ ನನಗೆ, ಅವಕ್ಕೂ ಅಂಥ ಎಳೆಗಳಿವೆಯೇ ಎಂದು ಯಾರನ್ನಾದರೂ ವಿಚಾರಿಸಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ.