ಅವಳ ಕೈಗೆ ಕೊಡದ ಸ್ಪ್ಯಾನರ್

ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ನಾನು ಮೇಂಟೆನೆನ್ಸ್ ಫಿಟ್ಟರ್. ಕೆಟ್ಟ ಮಿಷನ್ ರಿಪೇರಿ ಮಾಡುವುದು, ಹೊಸಬರಿಗೆ ಕೆಲಸ ಕಲಿಸುವುದು ಎರಡೂ ನನ್ನ ಪಾಲಿಗೆ. ಹೋದ ವರ್ಷ ನನ್ನ ಶಿಫ್ಟಿಗೆ ಇಬ್ಬರು ಟ್ರೈನಿಗಳು ಬಂದರು. ಒಬ್ಬ ಮಾಗಡಿ ಕಡೆಯ ಹುಡುಗ, ಇನ್ನೊಬ್ಬಳು ಚನ್ನಪಟ್ಟಣದ ಹುಡುಗಿ. ಇಬ್ಬರದೂ ಡಿಪ್ಲೊಮಾ. ಆರು ತಿಂಗಳಾದ ಮೇಲೆ ಕೈಕೆಲಸ ನೋಡಿ ಪರ್ಮನೆಂಟ್ ಮಾಡುತ್ತಾರೆ.

ಕೋಡಿಹಳ್ಳಿ ಮಗ್ಗುಲಿನ ನಮ್ಮೂರಿನಲ್ಲಿ ನನ್ನನ್ನು ಸಾಕಿದವಳು ಅಜ್ಜಿ. ನಾನು ಮಾತು ಕಲಿತಿದ್ದೂ ಅವಳಿಂದಲೇ. ಹೆಣ್ಣುಮಕ್ಕಳೆದುರು ದನಿ ಏರಿಸಬಾರದು, ಅವರ ಹೊರೆಗೆ ಕೈ ಕೊಡಬೇಕು ಎಂದು ಹೇಳಿಕೊಟ್ಟಿದ್ದಳು. ಪಾಠ ಒಳ್ಳೆಯದೇ. ನಾನು ಅದನ್ನು ಎಲ್ಲಿ ಬಳಸಿದೆ ಅನ್ನುವುದೇ ಸಂಕಟ.

ಹುಡುಗ ಗೇರ್‌ಬಾಕ್ಸ್ ಮುಂದೆ ಹಿಂದೇಟು ಹಾಕಿದರೆ, "ಏನ್ಲಾ, ಕೈಗೆ ಮದರಂಗಿ ಹಾಕ್ಕಂಡಿದ್ದೀಯೇನ್ಲಾ? ಬಿಚ್ಚಲಾ!" ಎಂದು ಕೈಗೆ ಸ್ಪ್ಯಾನರ್ ತುರುಕುತ್ತಿದ್ದೆ. ಅವಳು ಅದೇ ಕೆಲಸಕ್ಕೆ ಬಗ್ಗಿದರೆ ನನ್ನ ದನಿಯೇ ಬೇರೆ. "ಬುಡವ್ವ, ಭಾರ ಐತೆ. ಒಸಿ ಟಾರ್ಚ್ ಹಿಡ್ಕೊ, ಸಾಕು."

"ಅಣ್ಣ, ಇವತ್ತು ಬೇರಿಂಗ್ ನಾನೇ ಹಾಕ್ತೀನಿ, ನೀವು ನೋಡ್ತಾ ಕೂತ್ಕಳಿ," ಎಂದು ಎಷ್ಟು ಸಲ ಕೇಳಿದಳೋ. "ನಾನಿರೋವಾಗ ನಿಂಗ್ಯಾಕವ್ವ ಈ ಗ್ರೀಸು?" ಎಂದು ನಕ್ಕುಬಿಡುತ್ತಿದ್ದೆ. ಈ ದೊಡ್ಡತನವನ್ನು ಮನೆಯಲ್ಲೂ ಹೇಳಿಕೊಂಡಿದ್ದೆ. "ಇಲ್ಲಿ ಒಂದಿನ ಗ್ಯಾಸ್ ಸಿಲಿಂಡರ್ ಎತ್ತಿಟ್ಟಿದ್ದೀರಾ?" ಎಂದಳು ಹೆಂಡತಿ. ಅದನ್ನು ತಮಾಷೆ ಅಂದುಕೊಂಡೆ.

ಆರು ತಿಂಗಳಾಯಿತು. ಮ್ಯಾನೇಜರ್ ಮೇಡಂ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ನನ್ನನ್ನು ಕರೆಸಿದರು. ಹುಡುಗನ ಬಗ್ಗೆ ಕೇಳಿದಾಗ, "ಬೇರಿಂಗು, ಪಂಪು ಎಲ್ಲ ಒಬ್ನೇ ಬಿಚ್ಚಿ ಹಾಕ್ತಾನೆ," ಎಂದೆ.

"ಇವರು?"

"ಒಳ್ಳೆ ಹೆಣ್ಮಗು ಮೇಡಂ. ತಗ್ಗಿ ಬಗ್ಗಿ ನಡೀತಾಳೆ. ಒಂದ್ ಎದುರು ಮಾತಿಲ್ಲ."

ಮೇಡಂ ಪೆನ್ನು ಕೆಳಗಿಟ್ಟರು. "ನಾನು ಸೊಸೆ ನೋಡೋಕೆ ಕೂತಿಲ್ಲ. ಒಬ್ಬರೇ ಬೇರಿಂಗ್ ಹಾಕ್ತಾರಾ?"

"ಗೊತ್ತಿಲ್ಲ ಮೇಡಂ."

ಅದು ನಿಜವೇ. ಯಾಕೆ ಗೊತ್ತಿಲ್ಲ ಎಂದು ಹೇಳಲು ಮಾತ್ರ ಬಾಯಿ ಬರಲಿಲ್ಲ. ಹೇಳಿದ್ದರೆ ತಪ್ಪು ನನ್ನದಾಗುತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದರಿಂದ ಅವಳ ತಲೆಗೆ ಬಂತು. ಹುಡುಗ ಪರ್ಮನೆಂಟ್ ಆದ. ಅವಳಿಗೆ ಇನ್ನೂ ಮೂರು ತಿಂಗಳ ಟ್ರೈನಿಂಗ್. ಅಷ್ಟರಲ್ಲಿ ಕೆಲಸ ತೋರಿಸದಿದ್ದರೆ ಮನೆಗೆ.

ಮಾರನೆಯ ದಿನ ಅವಳು ಸಿಕ್ಕಾಗ, "ಬೇಜಾರ್ ಮಾಡ್ಕಬ್ಯಾಡ ಕಣವ್ವ, ಮೂರು ತಿಂಗ್ಳು ಅಷ್ಟೇಯ," ಎಂದೆ.

"ಅಣ್ಣ, ಅವನಿಗೆ ದಿನಾ ಬೈತಿದ್ರಲ್ಲ, ಅದ್ರಲ್ಲಿ ಒಸಿ ನಂಗೂ ಬೈದಿದ್ರೆ ಆಗ್ತಿತ್ತು." ದನಿಯಲ್ಲಿ ಸಿಟ್ಟಿರಲಿಲ್ಲ. ಇನ್ನೊಂದು ಶಿಫ್ಟಿಗೆ ಹಾಕಿಸಿಕೊಂಡಿದ್ದೇನೆ ಎಂದೂ ಹೇಳಿದಳು.

ಆ ಶಿಫ್ಟಿನ ಫಿಟ್ಟರ್ ನನಗೆ ಗೊತ್ತಿದ್ದವನೇ. "ಆವಯ್ಯನ ಬಾಯಿ ಸರಿಯಿಲ್ಲ ಕಣವ್ವ."

"ಇರ್ಲಿ ಬುಡಣ್ಣ. ಕೈಗೆ ಕೆಲಸ ಕೊಡ್ತಾರಂತಲ್ಲ."

ಅವಳು ಹೋದ ಮೇಲೆ ಮತ್ತೆ ಮೇಡಂ ರೂಮಿಗೆ ಹೋಗಿ ಎಲ್ಲವನ್ನೂ ಒಪ್ಪಿಸಿದೆ. ಅವರು ಪೂರ್ತಿ ಕೇಳಿದರು. "ಮೇಲಿನವರಿಗೆ ಪರ್ಮನೆಂಟ್ ಆದವರ ಪಟ್ಟಿ ಕಳಿಸಿ ಆಯ್ತು. ಈಗ ಹೇಳಿದ್ರೆ ನಿಮ್ಮ ಮನಸ್ಸು ಹಗುರ ಆಗುತ್ತೆ, ಅಷ್ಟೇ. ಹೇಳೋದಿದ್ರೆ ನಾಲ್ಕು ಜನರ ಎದುರು ಹೇಳಿ."

ಕ್ಯಾಂಟೀನಿಗೆ ಹೋದೆ. ಶಿಫ್ಟ್ ಬದಲಾಗುವ ಹೊತ್ತು, ಎರಡೂ ಶಿಫ್ಟಿನವರು ಊಟಕ್ಕೆ ಕೂತಿದ್ದರು. ಅವಳ ಮೇಜಿನ ಮುಂದೆ ನಿಂತು, "ಇವಳಿಗೆ ಕೆಲ್ಸ ಬರಲ್ಲ ಅಂತ ಯಾರೂ ಅನ್ಬ್ಯಾಡಿ. ನಾನು ಕೈಗೇ ಕೊಡ್ಲಿಲ್ಲ. ತಪ್ಪು ನಂದು," ಎಂದೆ. ಎಲ್ಲರೂ ತಿರುಗಿ ನೋಡಿದರು. ಆ ಮಾಗಡಿ ಹುಡುಗ ತಲೆ ತಗ್ಗಿಸಿದ.

ಅವಳು ನನ್ನ ಕಡೆ ನೋಡಲಿಲ್ಲ. ಪಕ್ಕದ ಕುರ್ಚಿ ಎಳೆದು, "ಕೂತ್ಕಳಿ ಅಣ್ಣ, ಎಲ್ರೂ ನೋಡ್ತಾವ್ರೆ," ಎಂದಳು ಮೆಲ್ಲಗೆ.