ಹೆಸರು ಕಡೀಬಾರ್ದ್ರಿ

ಕೊಟ್ಟೂರಿನ ನಮ್ಮ ಪ್ರೆಸ್ಸಿನಲ್ಲಿ ಡಿಟಿಪಿ ಮಾಡುತ್ತಿದ್ದವರು ಪ್ರೂಫಿನ ಅಂಚಿಗೆ ಉಗುರು ಎಳೆಯುತ್ತ ಗದರುತ್ತಿದ್ದರು: “ಹೆಸರು ಕಡೀಬಾರ್ದ್ರಿ!” ಸಾಲು ತುಂಬಿದರೆ ಕಂಪ್ಯೂಟರಿನ ಹೈಫನೇಶನ್ ಎಂಬ ದರಿದ್ರ ತಾನಾಗಿಯೇ ಪದ ಕತ್ತರಿಸಿ, ಉಳಿದದ್ದನ್ನು ಕೆಳಗಿನ ಸಾಲಿಗೆ ತಳ್ಳುತ್ತಿತ್ತು.

ಚಿಗಟೇರಿ ಕಡೆಯ ಕುರಿ ಕಾಯುವ ಮುದುಕಿಯೊಬ್ಬಳ ಮಗನ ತಿಥಿ ಕಾರ್ಡನ್ನು ಮಾಲೀಕರು ಡಿಟಿಪಿಯವರಿಗೆ ಪ್ರೂಫ್ ತೋರಿಸದೆ ಅಚ್ಚು ಹಾಕಿಸಿದರು. ಸತ್ತವನ ಹೆಸರು ಎರಡು ತುಂಡಾಗಿತ್ತು.

“ಇರ್ಲಿ ಬಿಡ್ರಿ, ಆಕಿಗೆ ಓದಾಕ ಬರಂಗಿಲ್ಲ,” ಅಂದರು ಮಾಲೀಕರು.

“ಓದಾಕ ಬರದವ್ರಿಗೇ ಮೋಸ ಮಾಡ್ತೀರೇನ್ರಿ?” ಇವರು ಅಷ್ಟೂ ಕಾರ್ಡು ಹರಿದೆಸೆದರು. ಆಫ್ ಮಾಡಿದರೂ ಮತ್ತೆ ಆನ್ ಆಗುತ್ತಿದ್ದ ಆ ಸೆಟ್ಟಿಂಗಿನ ಬೇರು ಹುಡುಕಿ ಕಿತ್ತು, ಹೊಸದಾಗಿ ಅಚ್ಚು ಹಾಕಿದರು.

ಕಾರ್ಡು ಒಯ್ಯಲು ಬಂದ ಮುದುಕಿ ಕೇಳಿದಳು: “ಇದ್ರಾಗ ನನ್ ಮಗ ಎಲ್ಲಿ ಅದಾನ್ರಿ?”

“ಇಲ್ಲಿ ಅದಾನ ನೋಡವ್ವ.” ಆಕೆಯ ಬೆರಳು ಹಿಡಿದು ಹೆಸರಿನುದ್ದಕ್ಕೂ ಎಳೆದರು. ಬೆರಳು ಎಲ್ಲೂ ಕೆಳಗಿಳಿಯಲಿಲ್ಲ.