ಮುಖ ಮುಟ್ಟಬ್ಯಾಡ್ರಿ

ನಮ್ಮ ಕಂಪ್ಯೂಟರ್ ಮೇಡಂ ಅವರ ಎಡಗೆನ್ನೆಯ ಮೇಲೆ ಕಿವಿಯಿಂದ ತುಟಿಯ ಅಂಚಿನವರೆಗೂ ಸುಟ್ಟ ಕಲೆಯಿತ್ತು. ಚಿಕ್ಕವರಿದ್ದಾಗ ಹರಿಹರದಲ್ಲಿ ತಾಯಿಯ ಮಿರ್ಚಿ ಅಂಗಡಿಯಲ್ಲಿ ಕರಿಯಲು ಕೂತಿದ್ದಾಗ ಬಾಣಲೆಯ ಎಣ್ಣೆ ಸಿಡಿದದ್ದು. ಹೊಸಬರು ನೋಡಿಯೂ ನೋಡದ ಹಾಗೆ ನಟಿಸಿದರೆ ಅವರೇ ಹೇಳಿಬಿಡುತ್ತಿದ್ದರು: "ಮಿರ್ಚಿ ಎಣ್ಣೆ ರೀ ಅದು. ನಮ್ಮ ತಮ್ಮ ಇಂಜಿನಿಯರ್ ಆಗಿದ್ದು ಆ ಬಾಣಲಿಯಿಂದನ." ಆ ತಮ್ಮನ ವಿಷಯಕ್ಕೆ ಆಮೇಲೆ ಬರುತ್ತೇನೆ.

ದಾವಣಗೆರೆ ಸ್ಟೇಷನ್ ಹತ್ತಿರದ ಬಾಡಿಗೆ ಕೋಣೆಯಲ್ಲಿ ಅವರ ಕ್ಲಾಸು. ದುಬಾರಿ ಸಾಫ್ಟ್‌ವೇರ್ ಕೊಳ್ಳುವ ಶಕ್ತಿ ಅವರಿಗೂ ಇರಲಿಲ್ಲ, ನಮಗೂ ಇರಲಿಲ್ಲ. ಪುಕ್ಕಟೆ ಸಿಗುವುದೊಂದನ್ನು ಇಳಿಸಿಕೊಂಡು ಸೊಟ್ಟ ಫೋಟೋ ನೆಟ್ಟಗೆ ಮಾಡುವುದು, ಅಂಚು ಕತ್ತರಿಸುವುದು, ಕತ್ತಲಾದದ್ದಕ್ಕೆ ಬೆಳಕು ಕೊಡುವುದು ಕಲಿಸಿದರು. ಇವತ್ತು ಅದೇ ಊರಲ್ಲಿ ನನ್ನ ಪುಟ್ಟ ಫೋಟೋ ಅಂಗಡಿ ನಡೆಯುತ್ತಿರುವುದು ಅಷ್ಟರ ಮೇಲೆಯೇ. "ಮೊದ್ಲು ಕಾಪಿ ಇಟ್ಕೊಳ್ರಿ. ಬೆಳಕು ಎಷ್ಟು ಬೇಕಾದ್ರೂ ತಿದ್ರಿ, ಮುಖ ಮುಟ್ಟಬ್ಯಾಡ್ರಿ" ಎನ್ನುವುದು ಅವರ ದಿನದ ಪಾಠ. ಯಾರಾದರೂ ಮೊಡವೆ ಅಳಿಸಿದರೆ ಮೌಸ್ ಕಿತ್ತುಕೊಂಡು ಮೊದಲಿನಿಂದ ಮಾಡಿಸುತ್ತಿದ್ದರು.

ನನಗೆ ಗಂಡು ನೋಡುವ ಕಾಲ ಬಂತು. ನಾನು ಕಪ್ಪು. ಅವ್ವನಿಗೆ ಅದೇ ಚಿಂತೆ. ನನ್ನ ಫೋಟೋ ಹಿಡಿದು ಮೇಡಂ ಹತ್ತಿರ ಬಂದಳು.

"ಇವಳನ್ನ ಒಂಚೂರು ಬೆಳ್ಳಗೆ ಮಾಡಿಕೊಡ್ರಿ."

"ಬೆಳಕು ಸರಿ ಮಾಡಿಕೊಡ್ತೀನಿ ಅಮ್ಮಾರೆ. ಹುಡುಗೀನ ಬದ್ಲು ಮಾಡಕ್ಕಾಗಲ್ಲ."

ಅವ್ವನಿಗೆ ಸಿಟ್ಟು ನೆತ್ತಿಗೇರಿತು. "ನಿಮಗೆ ಗಂಡು ಸಿಗ್ಲಿಲ್ಲ ಅಂತ ನನ್ನ ಮಗಳಿಗೂ ಸಿಗಬಾರ್ದೇನ್ರೀ?"

ಭೂಮಿ ಬಾಯ್ಬಿಡಬಾರದೇ ಅನ್ನಿಸಿತು ನನಗೆ. ಮೇಡಂ ಬೆಳಕು ಸರಿಪಡಿಸಿ, ಪ್ರಿಂಟ್ ತೆಗೆದು, ಕವರಿಗೆ ಹಾಕಿ ಅವ್ವನ ಕೈಗಿಟ್ಟರು. "ಕೂಡ್ರಿ, ಚಾ ಕುಡ್ಕೊಂಡು ಹೋಗ್ರಿ" ಎಂದರು. ಅವ್ವ ಕೂಡಲಿಲ್ಲ.

ಪಿ.ಜೆ. ಬಡಾವಣೆಯ ಒಂದು ಸ್ಟುಡಿಯೋದವರು ಕೇಳಿದ್ದಕ್ಕಿಂತ ಹೆಚ್ಚೇ ಬೆಳ್ಳಗೆ ಮಾಡಿಕೊಟ್ಟರು. ಆ ಫೋಟೋ ಮೆಚ್ಚಿ ಗಂಡಿನ ಕಡೆಯವರು ಬಂದರು. ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತೆ. ಗಂಡಿನ ಸೋದರತ್ತೆ ಮೊಬೈಲ್ ನೋಡಿದಳು, ನನ್ನನ್ನು ನೋಡಿದಳು. "ಇವಳಲ್ಲ. ಫೋಟೋದಾಗಿನ ಹುಡುಗೀನ ಕರೀರಿ" ಎಂದಳು. ಉಪ್ಪಿಟ್ಟನ್ನು ಮಾತ್ರ ತಿಂದೇ ಎದ್ದುಹೋದರು. ಅವ್ವ ಅದಕ್ಕೂ ಮೇಡಂ ಅವರನ್ನೇ ಬೈದಳು.

ಹೋದ ವರ್ಷ ಮೇಡಂ ಕಾಯಿಲೆಯಿಂದ ತೀರಿಕೊಂಡರು. ತಿಥಿಗೆ ಫೋಟೋ ದೊಡ್ಡದು ಮಾಡಿಸಲು ಆ ತಮ್ಮ ನನ್ನ ಅಂಗಡಿಗೇ ಬಂದ.

"ಆ ಕಲೆ ಒಂದು ತೆಗೆದುಬಿಡ್ರಿ. ನಾಲ್ಕು ಜನ ಬರ್ತಾರೆ, ಚೆನ್ನಾಗಿರಲ್ಲ."

"ಅದು ಹೆಂಗೆ ಬಂತು ಅಂತ ನಿಮಗೆ ಗೊತ್ತೈತಲ್ರೀ" ಎಂದೆ.

"ಬ್ಯಾಡ ಬಿಡ್ರಿ, ಬೇರೆ ಕಡೆ ಮಾಡಿಸ್ಕೊಂತೀನಿ" ಎಂದು ಪೆನ್‌ಡ್ರೈವ್ ಕಿತ್ತುಕೊಂಡು ಹೋದ. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇದೇ. ಅವತ್ತು ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ತಿಥಿಯ ದಿನ ಹರಿಹರಕ್ಕೆ ಹೋದೆ. ಹಾರದ ನಡುವೆ ನುಣುಪು ಕೆನ್ನೆಯ, ಬೆಳ್ಳನೆಯ ಯಾರೋ ಹೆಂಗಸು ನಗುತ್ತಿದ್ದಳು. ಬಂದವರೆಲ್ಲ ಕೈಮುಗಿದು ಹೂ ಹಾಕುತ್ತಿದ್ದರು. ನನ್ನ ಕೈಯಲ್ಲೂ ಹೂವಿತ್ತು. ಆ ತಮ್ಮ ನನ್ನ ಪಕ್ಕದಲ್ಲೇ ನಿಂತಿದ್ದ. ಆ ಸೋದರತ್ತೆಯ ಮಾತೇ ನನ್ನ ಬಾಯಿಗೆ ಬಂತು.

"ಇವರಲ್ಲ. ನಿಮ್ಮ ಅಕ್ಕನ್ನ ಕರೀರಿ."

ಅವನು ಮುಖ ತಿರುಗಿಸಿ, "ಪಂಕ್ತಿ ಕೂಡಿಸ್ತಿದಾರೆ, ಊಟಕ್ಕೆ ನಡೀರಿ" ಎಂದ. ಹೂವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಹೊರಗೆ ಬಂದೆ.